ಬಾಲ ಕತ್ತರಿಸಿದ ಮಾತು

 

*ಇಂದಿನ ಚಿಂತನೆ: ನಾಲ್ಕನೆಯ ಶೀಲ, ಮುಸಾವಾದ ವೇರಮಣಿ*

ಒಂದು ಕನ್ನಡ ವಾಕ್ಯ ತೆಗೆದುಕೊಳ್ಳೋಣ. "ದುಡ್ಡು ನಾನೇ ತಗೊಂಡೆ ಅಂತ ಅವರು ಹೇಳ್ತಾ ಇದ್ದಾರೆ." ತನ್ನ ಮೇಲೆ ಬಂದ ಆರೋಪವನ್ನು ಒಬ್ಬ ಮನುಷ್ಯ ಸಂಕಟದಿಂದ ಹೇಳಿಕೊಳ್ಳುತ್ತಿದ್ದಾನೆ. ಈಗ ಕೊನೆಯ ನಾಲ್ಕು ಪದ ಬಿಟ್ಟುಬಿಡಿ. "ದುಡ್ಡು ನಾನೇ ತಗೊಂಡೆ." ಆರೋಪ ಹೋಗಿ ತಪ್ಪೊಪ್ಪಿಗೆಯಾಯಿತು. ಹೊಸದಾಗಿ ಒಂದಕ್ಷರವನ್ನೂ ಸೇರಿಸಿಲ್ಲ. ದನಿ ಅವನದೇ, ಮಾತೂ ಅವನದೇ.

ನಮ್ಮ ಭಾಷೆಯ ಜಾಯಮಾನವೇ ಹಾಗೆ. ಅಂತೆ, ಇಲ್ಲ, ಬೇಡ, ಅಂದಿದ್ದರೆ... ಮಾತಿನ ದಿಕ್ಕು ಬದಲಿಸುವ ಪದಗಳು ಬಹುಪಾಲು ವಾಕ್ಯದ ಬಾಲದಲ್ಲಿ ಕುಳಿತಿರುತ್ತವೆ. ಬಾಲ ಕತ್ತರಿಸಿದವನಿಗೆ ಸುಳ್ಳು ಹೇಳುವ ಶ್ರಮವೂ ಬೇಡ.

ಈಗ ಎಲ್ಲರ ಜೇಬಿನಲ್ಲೂ ರೆಕಾರ್ಡರ್ ಇದೆ. ಲಂಚದ ಪ್ರಕರಣ, ಬೆದರಿಕೆ, ಆಸ್ತಿ ಜಗಳ, ಕೊನೆಗೆ ಗಂಡ ಹೆಂಡಿರ ವ್ಯಾಜ್ಯದಲ್ಲೂ ಆಡಿಯೋ ಸಾಕ್ಷಿಯಾಗಿ ಬರುತ್ತಿದೆ. ಒಂದು ವಿಚ್ಛೇದನ ಪ್ರಕರಣದಲ್ಲಿ ಸಂಗಾತಿಯ ಮಾತನ್ನು ಗುಟ್ಟಾಗಿ ಮುದ್ರಿಸಿಕೊಂಡಿದ್ದನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು. ಹಾಗಾಗಿ ಇದು ವಕೀಲರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. ಇಂದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಒಂದು ರೆಕಾರ್ಡಿಂಗ್ ಅಸಲಿ ಎಂದು ಸಾಬೀತಾದರೆ, ಅದು ಸತ್ಯವೂ ಆಗುತ್ತದೆಯೇ?

*ನ್ಯಾಯಾಲಯದ ಎಚ್ಚರ*

ರಾಮ್ ಸಿಂಗ್ ವಿರುದ್ಧ ಕರ್ನಲ್ ರಾಮ್ ಸಿಂಗ್ ಎಂಬ ಚುನಾವಣಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಕೆಲವು ಷರತ್ತುಗಳನ್ನು ಹಾಕಿತು. ದನಿ ಯಾರದೆಂದು ಗುರುತಾಗಬೇಕು. ಮುದ್ರಣ ನಿಖರವಾಗಿದೆಯೆಂದು ಮುದ್ರಿಸಿದವರು ಸಾಬೀತುಪಡಿಸಬೇಕು. ತಿದ್ದಿರುವ, ಅಳಿಸಿರುವ ಸಾಧ್ಯತೆಯೇ ಇರಬಾರದು. ಮಾತು ಪ್ರಕರಣಕ್ಕೆ ಸಂಬಂಧಪಟ್ಟಿರಬೇಕು. ಟೇಪನ್ನು ಮೊಹರು ಮಾಡಿ ಸುರಕ್ಷಿತವಾಗಿ ಇಟ್ಟಿರಬೇಕು. ದನಿ ಸ್ಪಷ್ಟವಾಗಿ ಕೇಳಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಫೈಲಿನ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ 'ಹ್ಯಾಶ್' ಬರೆಯಬೇಕು. ಹ್ಯಾಶ್ ಎಂದರೆ ಇಡೀ ಫೈಲನ್ನು ಲೆಕ್ಕಹಾಕಿ ತೆಗೆದ ಬೆರಳಚ್ಚು. ಫೈಲಿನಲ್ಲಿ ಒಂದು ಚುಕ್ಕಿಯಷ್ಟು ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಆದರೆ ಹ್ಯಾಶ್ ತೆಗೆದ ಮೇಲೆ ಏನೂ ಬದಲಾಗಿಲ್ಲ ಎಂದಷ್ಟೇ ಅದು ಹೇಳಬಲ್ಲದು. ಅದಕ್ಕೆ ಮೊದಲು ನಡೆದದ್ದನ್ನು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕು.

*ಕೋಣೆಯೂ ಸಾಕ್ಷಿ ಹೇಳುತ್ತದೆ*

ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರು ಮೊದಲು ಕಿವಿಗೊಟ್ಟು ಕೇಳುತ್ತಾರೆ. ಫೈಲಿನ ಒಳರಚನೆ ನೋಡುತ್ತಾರೆ: ಫೋನು ನೇರವಾಗಿ ಬರೆದ ಫೈಲೇ, ನಡುವೆ ಎಡಿಟಿಂಗ್ ಸಾಫ್ಟ್‌ವೇರ್ ಮುಟ್ಟಿದೆಯೇ, ಒಮ್ಮೆ ಕುಗ್ಗಿಸಿದ ಫೈಲನ್ನು ಮತ್ತೆ ಕುಗ್ಗಿಸಿದ ಗುರುತಿದೆಯೇ. ಆಮೇಲೆ ದನಿಯನ್ನು ಚಿತ್ರವಾಗಿ ಬಿಡಿಸಿ ನೋಡುತ್ತಾರೆ. ಮಾತಿನ ಹಿಂದಿನ ಫ್ಯಾನಿನ ಸದ್ದು ಎಲ್ಲಾದರೂ ತಟ್ಟನೆ ಜಿಗಿದಿದೆಯೇ? ಗೋಡೆಗೆ ಬಡಿದು ಬರುವ ಮಾರ್ದನಿ ಒಂದು ವಾಕ್ಯದಲ್ಲಿದ್ದು ಮುಂದಿನ ವಾಕ್ಯದಲ್ಲಿ ಮಾಯವಾಗಿದೆಯೇ?

ಇನ್ನೊಂದು ಉಪಾಯ ಸೋಜಿಗದ್ದು. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ ಸುಮಾರು 50 ಸಲ ಕಂಪಿಸುತ್ತದೆ. ಅದರ ಸಣ್ಣ ಗುನುಗು ಎಷ್ಟೋ ರೆಕಾರ್ಡಿಂಗುಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಸೇರಿಕೊಳ್ಳುತ್ತದೆ. ಬೇಡಿಕೆ, ಉತ್ಪಾದನೆಗೆ ತಕ್ಕಂತೆ ಈ 50 ತುಸು ಏರುತ್ತ, ತುಸು ಇಳಿಯುತ್ತ ಇರುತ್ತದೆ. ಆ ಏರಿಳಿತ ಇಡೀ ಗ್ರಿಡ್‌ನಲ್ಲಿ ಒಂದೇ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಂದಿಗೆ ಬೆಸೆದುಕೊಂಡಿತು. ಅಂದಿನಿಂದ ಬೀದರಿನ ಟ್ಯೂಬ್‌ಲೈಟೂ ದೆಹಲಿಯ ಟ್ಯೂಬ್‌ಲೈಟೂ ಒಂದೇ ಲಯದಲ್ಲಿ ಗುನುಗುತ್ತವೆ. ಲಂಡನ್ ಪೊಲೀಸರ ಪ್ರಯೋಗಾಲಯ ತಮ್ಮ ಊರಿನ ಈ ಏರಿಳಿತವನ್ನು ಹಗಲಿರುಳೂ ದಾಖಲಿಸಿಟ್ಟುಕೊಂಡು ರೆಕಾರ್ಡಿಂಗಿನ ಜೊತೆ ಹೋಲಿಸಿ ನೋಡಿದೆ. ಮಾತನ್ನು ಕತ್ತರಿಸಿ ಜೋಡಿಸಿದ ಕಡೆ ಗುನುಗಿನ ಲಯವೂ ತಪ್ಪಿರುತ್ತದೆ. ಗುನುಗೇ ಸೇರದ ಅಥವಾ ತೀರ ಚಿಕ್ಕ ರೆಕಾರ್ಡಿಂಗಿನಲ್ಲಿ ಈ ಉಪಾಯ ನಡೆಯುವುದಿಲ್ಲ.

ಧಮ್ಮಮಿತ್ರರೇ, ಇದು ಪಟಿಚ್ಚಸಮುಪ್ಪಾದದ ಪಾಠವೇ. ಯಾವುದೂ ಒಂಟಿಯಾಗಿ ಹುಟ್ಟುವುದಿಲ್ಲ. ಒಂದು ಮಾತು ಹುಟ್ಟುವಾಗ ಜೊತೆಗೆ ಕೋಣೆ ಇತ್ತು, ಫ್ಯಾನು ಇತ್ತು, ದೂರದ ವಿದ್ಯುತ್ ಸ್ಥಾವರವೂ ಇತ್ತು. ತಿದ್ದುವವನ ಕಣ್ಣಿಗೆ ಮಾತು ಮಾತ್ರ ಬೀಳುತ್ತದೆ. ಆ ಮಾತಿಗೆ ಹೆಣೆದುಕೊಂಡ ನೂರು ಪ್ರತ್ಯಯಗಳನ್ನೂ ತಿದ್ದುವುದು ಅವನಿಗೆ ಬಲು ಕಷ್ಟ. ಸುಳ್ಳು ಸಿಕ್ಕಿಬೀಳುವುದು ಅಲ್ಲಿ.

*ಯಂತ್ರಕ್ಕೆ ಸಿಗದ ಕತ್ತರಿ*

ಆದರೆ ಮೊದಲು ಹೇಳಿದ ವಾಕ್ಯಕ್ಕೆ ಮರಳಿ ಬನ್ನಿ. ಯಾರೂ ಫೈಲನ್ನು ಕತ್ತರಿಸಿಲ್ಲ. "ತಗೊಂಡೆ" ಎಂಬ ಪದ ಬಂದ ಕೂಡಲೇ ಒಬ್ಬ ಬೆರಳಿಟ್ಟು ರೆಕಾರ್ಡರ್ ನಿಲ್ಲಿಸಿದ ಎಂದುಕೊಳ್ಳಿ. ಫ್ಯಾನಿನ ಸದ್ದು ಜಿಗಿದಿಲ್ಲ, ಗುನುಗು ತಪ್ಪಿಲ್ಲ, ಹ್ಯಾಶ್ ಸರಿಯಾಗಿದೆ. ತಿದ್ದಿದ ಕುರುಹು ಇಲ್ಲ ಎಂದು ಪ್ರಯೋಗಾಲಯ ಪ್ರಾಮಾಣಿಕವಾಗಿಯೇ ಬರೆಯುತ್ತದೆ. ಒಬ್ಬನ ಕೆಲಸ, ಮರ್ಯಾದೆ, ಮನೆ ಮುಳುಗಲು ಅಷ್ಟು ಸಾಕು.

ಕುರುಹು ಸಿಕ್ಕಾಗಲೂ ಯಂತ್ರಕ್ಕೆ ಒಂದು ಎಲ್ಲೆ ಇದೆ. ಅಮೆರಿಕದ ವಾಟರ್‌ಗೇಟ್ ಹಗರಣದಲ್ಲಿ, 1972ರ ಜೂನ್ 20ರ ಒಂದು ಟೇಪಿನಲ್ಲಿ ಅಧ್ಯಕ್ಷ ನಿಕ್ಸನ್ ಅವರ ಮಾತುಕತೆಯ ಹದಿನೆಂಟೂವರೆ ನಿಮಿಷ ಅಳಿಸಿಹೋಗಿತ್ತು. ನ್ಯಾಯಾಲಯ ಒಪ್ಪಿಸಿದ ಆರು ಮಂದಿ ತಜ್ಞರು, ಕನಿಷ್ಠ 5 ಸಲ ಬೇರೆ ಬೇರೆಯಾಗಿ ಅಳಿಸಲಾಗಿದೆ ಎಂದು 1974ರಲ್ಲಿ ಪತ್ತೆಹಚ್ಚಿದರು. ಯಾರ ಕೈ, ಯಾವ ಉದ್ದೇಶ ಎಂಬುದನ್ನು ಟೇಪು ಹೇಳಲಿಲ್ಲ.

ಬೌದ್ಧ ಅಟ್ಠಕಥೆಗಳು ಮುಸಾವಾದಕ್ಕೆ ನಾಲ್ಕು ಅಂಗಗಳನ್ನು ಹೇಳುತ್ತವೆ: ವಿಷಯ ನಿಜವಲ್ಲದಿರುವುದು, ಮೋಸಗೊಳಿಸುವ ಚಿತ್ತ, ಅದಕ್ಕೆ ತಕ್ಕ ಪ್ರಯತ್ನ, ಕೇಳಿದವನು ಅದನ್ನು ಹಾಗೆಯೇ ಗ್ರಹಿಸುವುದು. ಪ್ರಯೋಗಾಲಯಕ್ಕೆ ಸಿಗುವುದು ಮೂರನೆಯದು, ಅದೂ ಕೆಲವೊಮ್ಮೆ. ಎರಡನೆಯದು ಬೆರಳಿಟ್ಟವನ ಎದೆಯಲ್ಲಿದೆ. ನಾಲ್ಕನೆಯದು ಎಲ್ಲಿದೆ? ಕೇಳುವ ನಮ್ಮಲ್ಲಿದೆ. ನಮ್ಮ ಕಿವಿ ಸೇರದೆ ಆ ಸುಳ್ಳು ಪೂರ್ಣವಾಗುವುದಿಲ್ಲ.

*ಕೇಳುಗರ ಕರ್ತವ್ಯ*

ಮಹಾಪರಿನಿರ್ವಾಣಕ್ಕೆ ಮುಂಚೆ ಭೋಗನಗರದಲ್ಲಿ ಬುದ್ಧರು ನಾಲ್ಕು ಮಹಾಪದೇಶಗಳನ್ನು ಬೋಧಿಸಿದರು. ಸ್ವತಃ ಬುದ್ಧರ ಬಾಯಿಂದಲೇ ಇದನ್ನು ಕೇಳಿದೆ ಎಂದು ಒಬ್ಬ ಭಿಕ್ಷು ಹೇಳಿದರೂ ಕೂಡಲೇ ಒಪ್ಪಬೇಡಿ, ಕೂಡಲೇ ಹಳಿಯಲೂ ಬೇಡಿ. ಆ ಮಾತನ್ನು ಅಕ್ಷರಕ್ಷರವಾಗಿ ತಿಳಿದುಕೊಂಡು ಸುತ್ತ, ವಿನಯಗಳ ಜೊತೆ ಹೋಲಿಸಿ, ಹೊಂದಿದರೆ ಒಪ್ಪಿ, ಹೊಂದದಿದ್ದರೆ ಬಿಡಿ ಎಂಬುದು ಅದರ ಸಾರ. ತಮ್ಮ ಹೆಸರಿನಲ್ಲಿ ಬರುವ ಮಾತಿಗೇ ಅವರು ಈ ಪರೀಕ್ಷೆ ಇಟ್ಟರು.

ಇದರಲ್ಲಿ ಎರಡೂ ತುದಿಗಳಿಗೆ ತಡೆಯಿದೆ. ಆಡಿಯೋ ಬಂದ ತಕ್ಷಣ "ಅವನದೇ ದನಿ, ಇನ್ನೇನು ಬೇಕು?" ಎನ್ನುವುದು ಒಂದು ತುದಿ. "ಎಲ್ಲಾ ಎಐ, ಎಲ್ಲಾ ಸುಳ್ಳು" ಎಂದು ತಳ್ಳಿಹಾಕುವುದು ಇನ್ನೊಂದು ತುದಿ. ಯಂತ್ರವೇ ಮನುಷ್ಯನ ದನಿಯನ್ನು ಅನುಕರಿಸುವ ಈ ಕಾಲದಲ್ಲಿ ಎರಡನೆಯ ತುದಿ ಬಲವಂತರಿಗೆ ತುಂಬ ಅನುಕೂಲ. ಲಂಚ ಕೇಳಿಸಿಕೊಂಡ ಬಡವನಿಗೆ, ಬೆದರಿಕೆ ಕೇಳಿಸಿಕೊಂಡ ಹೆಣ್ಣುಮಗಳಿಗೆ ಆ ರೆಕಾರ್ಡಿಂಗ್ ಒಂದೇ ಸಾಕ್ಷಿಯಾಗಿರಬಹುದು. ಅದನ್ನು ನಗೆಯಾಡಿ ಬಿಡುವುದೂ ಅನ್ಯಾಯ. ಅಂಥವರು ನಮ್ಮ ಬಳಿ ಬಂದರೆ ಹೇಳಬೇಕಾದ್ದು ಇಷ್ಟು: ಪೂರ್ತಿ ರೆಕಾರ್ಡಿಂಗ್ ಇಟ್ಟುಕೊಳ್ಳಿ, ಬೇಕಾದ ತುಂಡನ್ನು ಮಾತ್ರ ಉಳಿಸಬೇಡಿ, ಮುದ್ರಿಸಿದ ಫೋನನ್ನೂ ಕಳೆಯಬೇಡಿ. ವಾಟ್ಸ್ಯಾಪಿನಲ್ಲಿ ಕೈಯಿಂದ ಕೈಗೆ ದಾಟುವ ಫೈಲಿಗೆ ಮೂಲದ ಹೆಸರು, ದಿನಾಂಕಗಳು ಎಷ್ಟೋ ಸಲ ಉಳಿಯುವುದಿಲ್ಲ.

ಹಾಗಾದರೆ ಅಸಲಿ ಎಂದು ಸಾಬೀತಾದದ್ದು ಸತ್ಯವೇ? ಸತ್ಯಕ್ಕೆ ಅದು ಬಾಗಿಲು, ಅಷ್ಟೆ. ಒಳಗೆ ಹೋಗಿ ಇನ್ನೂ ಕೇಳಬೇಕು: ಇದಕ್ಕೆ ಮೊದಲು ಏನು ಮಾತಾಯಿತು? ಆಮೇಲೆ ಏನು? ನಿಲ್ಲಿಸಿದ್ದು ಯಾರು, ಆ ಕ್ಷಣದಲ್ಲೇ ಏಕೆ?

ಈ ಪ್ರಶ್ನೆಗಳು ಫೋನಿಗೆ ಮಾತ್ರ ಸೀಮಿತವಲ್ಲ. ಅತ್ತೆಯ ಮಾತನ್ನು ಸೊಸೆಗೆ, ಒಬ್ಬ ಸಹೋದ್ಯೋಗಿಯ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ನಾಲಿಗೆಯೂ ರೆಕಾರ್ಡರೇ. ಅದಕ್ಕೂ ನಿಲ್ಲಿಸುವ ಗುಂಡಿ ಇದೆ. ಈ ಕತ್ತರಿಯನ್ನು ಪತ್ತೆಹಚ್ಚುವ ಪ್ರಯೋಗಾಲಯ ಎಲ್ಲೂ ಇಲ್ಲ. ಸತಿ ಒಂದೇ ಇದೆ.

*ಇಂದಿನ ಅಭ್ಯಾಸ:* ಇವತ್ತು ಇನ್ನೊಬ್ಬರ ಮಾತನ್ನು ಯಾರಿಗಾದರೂ ಹೇಳುವ ಪ್ರಸಂಗ ಬಂದರೆ ವಾಕ್ಯದ ಬಾಲವನ್ನೂ ಸೇರಿಸಿ ಹೇಳೋಣ. ಬಾಲ ನೆನಪಿಲ್ಲದಿದ್ದರೆ ಆ ಮಾತನ್ನು ಮುಂದಕ್ಕೆ ದಾಟಿಸದಿರೋಣ.

ಸರ್ವರಿಗೂ ಮಂಗಳವಾಗಲಿ. 🙏