ಕಾಯಕವನ್ನು ಬದಲಿಸಬಹುದೆ?

ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ಅಂಗಡಿಯಿಟ್ಟು ಬಾಳುವ ಸದ್ಗೃಹಸ್ಥರ ಮನೆಯೊಂದನ್ನು ಭಾವಿಸಿರಿ. ಮಗನು ಬಿ.ಕಾಂ. ಪದವಿಯನ್ನು ಪಡೆದಿದ್ದಾನೆ, ಅಂಗಡಿಯ ಲೆಕ್ಕಪತ್ರವನ್ನು ಇನ್ನು ಅವನೇ ವಹಿಸಿಕೊಳ್ಳುವನೆಂದು ತಂದೆಯ ಎಣಿಕೆ. ಮಗನಾದರೋ ರೋಗಿಗಳ ಶುಶ್ರೂಷೆಯನ್ನು ಕಲಿಯುವೆನೆನ್ನುತ್ತಾನೆ. ಆಗ ಮನೆಯಲ್ಲಿ ಮೂರು ಆಕ್ಷೇಪಗಳು ಏಳುತ್ತವೆ: ಹಿಡಿದ ದಾರಿಯನ್ನು ಬಿಡುವುದು ತರವಲ್ಲ, ಪರರ ಮಲಮೂತ್ರ ತೆಗೆಯುವ ಕೆಲಸ ನಮ್ಮ ಮನೆತನಕ್ಕೆ ಒಪ್ಪದು, ಓದಿಗೆ ಸುರಿದ ಹಣ ವ್ಯರ್ಥವಾಯಿತು. ಇವುಗಳನ್ನು ಶರಣರ ನಡೆಯ ಬೆಳಕಿನಲ್ಲಿ ನೋಡೋಣ.

ಕಾಯಕವು ಹುಟ್ಟಿನಿಂದ ಬರುವ ಸಂಕೋಲೆಯಲ್ಲ. ಕಾಶ್ಮೀರದ ಅರಸನಾಗಿದ್ದವರು ಸಿಂಹಾಸನವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆ ಹೊತ್ತು ಮಾರಿ ಮೋಳಿಗೆಯ ಮಾರಯ್ಯರಾದರೆಂದು ನಮ್ಮ ಪರಂಪರೆ ಹೇಳುತ್ತದೆ. ಅರಸುತನವನ್ನೇ ಬಿಡಬಹುದಾದರೆ ಅಂಗಡಿಯನ್ನು ಬಿಡಬಾರದೆ? ಹೀಗೆಂದ ಮಾತ್ರಕ್ಕೆ ವ್ಯಾಪಾರವು ಕೀಳೆಂದಲ್ಲ. ಸರಿಯಾಗಿ ತೂಗುವ ವರ್ತಕನೂ ಕಾಯಕಜೀವಿಯೇ.

ಎರಡನೆಯ ಆಕ್ಷೇಪದಲ್ಲಿ ಅಡಗಿರುವುದು ಹಳೆಯ ಮೈಲಿಗೆಯ ಭಾವನೆ. ಮಡಿವಾಳ ಮಾಚಯ್ಯನವರು ಬಟ್ಟೆಯ ಕೊಳೆಯನ್ನು ತೊಳೆದರು. ವೈದ್ಯ ಸಂಗಣ್ಣನವರು ರೋಗಿಗಳ ಚಿಕಿತ್ಸೆಯನ್ನೇ ಕಾಯಕವಾಗಿಸಿಕೊಂಡರು. ಇವರನ್ನು ಪೂಜ್ಯರೆನ್ನುವ ನಾವು, ಹಾಸಿಗೆ ಹಿಡಿದವನ ಮೈ ಒರೆಸುವ ಕೈಯನ್ನು ಕೀಳೆಂದು ಬಗೆಯುವುದು ಹೇಗೆ? ನಾಳೆ ನಾವೇ ಜಯನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಮಲಗಿದರೆ ನಡುರಾತ್ರಿ ಕರೆಗೆ ಓಗೊಡುವವರು ಯಾರು? ಪರರ ಮಕ್ಕಳು ಮಾಡಲಿ, ನಮ್ಮ ಮಗ ಬೇಡ ಎಂಬುದು ಭಕ್ತರಿಗೆ ಒಪ್ಪುವ ನ್ಯಾಯವಲ್ಲ.

ಇನ್ನು ಹಣದ ಮಾತು. ಫ್ಲಾರೆನ್ಸ್ ನೈಟಿಂಗೇಲರೂ ಸಿರಿವಂತ ಮನೆಯವರ ವಿರೋಧವನ್ನು ಎದುರಿಸಿಯೇ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಶುಶ್ರೂಷೆಯನ್ನು ಕಲಿತರು. ಕ್ರಿಮಿಯಾ ಯುದ್ಧದ ಸೈನಿಕರ ಸಾವುಗಳನ್ನು ಅಂಕಿಗಳಲ್ಲಿ ತೋರಿಸಿ ಆಸ್ಪತ್ರೆಗಳನ್ನು ತಿದ್ದಿಸಿದರು. ಅವರ ಕೈಯಲ್ಲಿ ಲೆಕ್ಕವೂ ಸೇವೆಯಾಯಿತು. ಔಷಧದ ಪ್ರಮಾಣ, ರೋಗಿ ಕುಡಿದ ನೀರು, ಹೊರಹೋದ ಮೂತ್ರ, ಇವೆಲ್ಲವನ್ನೂ ತಪ್ಪಿಲ್ಲದೆ ಬರೆದಿಡಬೇಕಾದ ವೃತ್ತಿಯಲ್ಲಿ ಲೆಕ್ಕದ ಶಿಸ್ತು ವ್ಯರ್ಥವಾಗದು. ಬಿ.ಎಸ್‌ಸಿ. ನರ್ಸಿಂಗ್‌ಗೆ ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕು. ವಾಣಿಜ್ಯ ಓದಿದವರಿಗೆ ಜಿ.ಎನ್‌.ಎಂ. ಡಿಪ್ಲೊಮಾದ ದಾರಿಯುಂಟು. ಮತ್ತೆ ಕೆಲವು ವರ್ಷ ಮನೆಗೆ ಗಳಿಕೆ ಬಾರದು. ಇದನ್ನು ತಂದೆಮಕ್ಕಳು ಮೊದಲೇ ಕುಳಿತು ಮಾತಾಡಿಕೊಳ್ಳತಕ್ಕದ್ದು.

ಮಗನೂ ತನ್ನನ್ನು ತಾನು ಕೇಳಿಕೊಳ್ಳಬೇಕಾದುದುಂಟು. ವ್ಯಾಪಾರದ ಬೇಸರದಿಂದ ಓಡುತ್ತಿರುವೆನೆ? ಪರದೇಶದ ಸಂಬಳವೊಂದೇ ಸೆಳೆಯುತ್ತಿರುವುದೆ? ಹಾಗಿದ್ದರೆ ರಾತ್ರಿಯ ಪಾಳಿಯೂ ರೋಗಿಯ ನರಳಾಟವೂ ಬಹುಬೇಗ ಭಾರವಾದಾವು. ಕಾಲೇಜು ಸೇರುವ ಮುನ್ನ ಬಂಧುಗಳಲ್ಲಿ ಹಾಸಿಗೆ ಹಿಡಿದ ಮುದುಕರೊಬ್ಬರನ್ನು ಒಂದು ತಿಂಗಳು ನೋಡಿಕೊಳ್ಳಲಿ. ಮನಸ್ಸಿನ ನಿಜ ಅಲ್ಲಿ ತಿಳಿಯುವುದು.

ಸೇವೆಯೆಂಬ ಹೆಸರಿನಲ್ಲಿ ಕೂಲಿಯನ್ನು ಕುಗ್ಗಿಸುವುದೂ ಧರ್ಮವಲ್ಲ. ಖಾಸಗಿ ಆಸ್ಪತ್ರೆಗಳ ದಾದಿಯರ ವೇತನವನ್ನು ಪರಿಶೀಲಿಸಲು ಸಮಿತಿಯನ್ನು ನೇಮಿಸುವಂತೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಕೇಂದ್ರ ಸರ್ಕಾರಕ್ಕೆ ಸೂಚಿಸಬೇಕಾಯಿತು. ಅಂದಿನ ಅಗತ್ಯಕ್ಕೆ ಮೀರಿದ ಅಕ್ಕಿಯನ್ನು ಪತಿಯ ಕೈಯಲ್ಲಿ ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರು, ದುಡಿದು ತಂದ ತಕ್ಕಷ್ಟನ್ನು ಬೇಡವೆನ್ನಲಿಲ್ಲ. ದುಡಿಮೆಯ ಫಲವಿಲ್ಲದೆ ದಾಸೋಹವೆಲ್ಲಿಯದು?

ಆದುದರಿಂದ ತಂದೆಯಾದವರು ಮಗನ ಕೆಲಸವು ಎಷ್ಟು ಎತ್ತರದ್ದೆಂದು ಅಳೆಯದೆ, ಅದರಲ್ಲಿ ಅವನು ಸತ್ಯವಾಗಿ ನಿಲ್ಲಬಲ್ಲನೆ ಎಂಬುದನ್ನು ನೋಡಲಿ. ನಿಲ್ಲಬಲ್ಲನೆಂದು ಕಂಡರೆ ಅಂಗಡಿಯ ಲೆಕ್ಕಕ್ಕೆ ಬೇರೊಬ್ಬರನ್ನು ನೇಮಿಸಿಕೊಂಡು, ಮಗನನ್ನು ಹರಸಿ ಕಳುಹಿಸಲಿ.