ವೇಷ ಮತ್ತು ವಿಶ್ವಾಸ

ಚಲನಚಿತ್ರದ ಮಾತು ಈ ಪುಟಗಳಲ್ಲಿ ಬರುವುದು ಅಪರೂಪ, ಸಹೃದಯರು ಮನ್ನಿಸಬೇಕು. ಯಲಹಂಕದ ನಮ್ಮ ಮನೆಯಲ್ಲಿ ಮೊಮ್ಮಗನ ಒತ್ತಾಯಕ್ಕೆ ಮಣಿದು ‘ಮಫ್ತಿ’ ಎಂಬ ಕನ್ನಡ ಚಿತ್ರವನ್ನು ನೋಡಿದೆ. ನರ್ತನ್ ಅವರ ನಿರ್ದೇಶನದಲ್ಲಿ 2017ರ ಡಿಸೆಂಬರಿನಲ್ಲಿ ತೆರೆಕಂಡ ಈ ಚಿತ್ರದಲ್ಲಿ ಶ್ರೀಮುರಳಿ ಅಭಿನಯಿಸಿರುವ ಗಣ ಎಂಬ ಪೊಲೀಸ್ ಅಧಿಕಾರಿ ಪಾತಕಿಯ ವೇಷ ತೊಟ್ಟು, ಶಿವರಾಜಕುಮಾರ್ ಅಭಿನಯದ ಭೈರತಿ ರಣಗಲ್ ಎಂಬ ಭೂಗತ ನಾಯಕನ ಕೂಟವನ್ನು ಸೇರುತ್ತಾನೆ. ಹೊಡೆದಾಟಗಳು ಅಗತ್ಯಕ್ಕಿಂತ ಹೆಚ್ಚಾಗಿಯೇ ಇವೆ. ಚಿತ್ರ ಮುಗಿದ ಮೇಲೆ ಹುಡುಗ ಕೇಳಿದ ಪ್ರಶ್ನೆಯೊಂದು ಮಾತ್ರ ಮನಸ್ಸಿನಲ್ಲಿ ಉಳಿಯಿತು: “ತಾತ, ನಂಬಿದವರ ಜೊತೆಯಲ್ಲಿದ್ದುಕೊಂಡೇ ಅವರನ್ನು ಹಿಡಿದುಕೊಡಲು ಹೋಗುವುದು ತಪ್ಪಲ್ಲವೇ?”

ಈ ಉಪಾಯ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವುಂಟು. ಸಿದ್ಧಪುರುಷರ ವೇಷದ ಗೂಢಚಾರರು ಕಳವಿನ ಒಲವುಳ್ಳ ತರುಣರನ್ನು ಮಂತ್ರತಂತ್ರಗಳ ಆಮಿಷದಿಂದ ಸೆಳೆಯಬೇಕು. ಹಳೆಯ ಕಳ್ಳರ ವೇಷದವರು ಕಳ್ಳರ ಗುಂಪನ್ನು ಹೊಕ್ಕು, ಅವರನ್ನು ಕೃತ್ಯಕ್ಕೆ ಪ್ರೇರಿಸಿ, ಹಿಡಿಸಿಕೊಡಬೇಕು. ಸಾಧುವೇಷದ ಮೇಲೆ ಜನರಿಟ್ಟ ನಂಬುಗೆಯನ್ನು ರಾಜ್ಯವೇ ಬಲೆಯಾಗಿ ಬೀಸಿದರೆ, ಮರುದಿನ ಬಾಗಿಲಿಗೆ ಬಂದ ನಿಜವಾದ ವಿರಕ್ತನಿಗೆ ಭಿಕ್ಷೆ ನೀಡುವವರಾರು? ಕೌಟಿಲ್ಯ ಆ ನಷ್ಟದ ಲೆಕ್ಕವನ್ನು ಇಟ್ಟಂತೆ ಕಾಣುವುದಿಲ್ಲ.

ನಮ್ಮ ಕಾನೂನೂ ಇಬ್ಬಂದಿಯಲ್ಲಿದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಕೂಡದೆಂದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ವಿಧಿಸಿತ್ತು. ವಂಚನೆಯಿಂದ ಪಡೆದದ್ದೆಂಬ ಒಂದೇ ಕಾರಣಕ್ಕೆ ತಪ್ಪೊಪ್ಪಿಗೆ ಅಸಂಗತವಾಗದೆಂದು 29ನೆಯ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ಎರಡು ಮಾತುಗಳು ಉಳಿದಿವೆ. ಪೊಲೀಸರ ಬಲಪ್ರಯೋಗಕ್ಕೆ ಅಂಜಿದ ಕಾನೂನು ಸುಳ್ಳಿಗೆ ಅಷ್ಟಾಗಿ ಅಂಜಲಿಲ್ಲ.

ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ಜೇಬುಗಳ್ಳರಿಗಾಗಿ ಸಾದಾ ಉಡುಪಿನಲ್ಲಿ ನಿಂತ ಪೊಲೀಸಿನವನು ಯಾರನ್ನೂ ವಂಚಿಸಿದಂತಾಗಲಿಲ್ಲ. ತಾನಾರೆಂದು ಸಾರಿಕೊಳ್ಳಲಿಲ್ಲ, ಅಷ್ಟೆ. ಕೂಟದೊಳಗೆ ಹೊಕ್ಕವನ ಸ್ಥಿತಿ ಬೇರೆ. ಅವನು ಅವರೊಡನೆ ಉಣ್ಣಬೇಕು, ಅವರ ಮಕ್ಕಳನ್ನು ಎತ್ತಿ ಆಡಿಸಬೇಕು, ಸಾವಿನ ಮನೆಯಲ್ಲಿ ಹೆಗಲು ಕೊಡಬೇಕು. ಉಂಡ ಮನೆಗೆ ಎರಡು ಬಗೆಯಬಾರದೆಂದು ಮಠದ ಪಂಕ್ತಿಯಲ್ಲಿ ಕುಳಿತು ಕಲಿತ ನಮಗೆ ಇದು ಗಂಟಲಲ್ಲಿ ಸಿಕ್ಕುವ ತುತ್ತು. ಆದರೆ ಆ ಅನ್ನ ಯಾರದು? ಬೆದರಿಸಿ ಕಿತ್ತ ಹಣದಲ್ಲಿ ಬೆಂದದ್ದು. ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವನೊಬ್ಬನ ಬೆವರೂ ಅದರಲ್ಲಿದ್ದೀತು. ಹಾಗಾದರೆ ಋಣ ಉಣಬಡಿಸಿದವನಿಗೋ, ಕಳೆದುಕೊಂಡವನಿಗೋ? ಕಳೆದುಕೊಂಡವನಿಗೆಂದೇ ನನ್ನ ತೀರ್ಮಾನ. ಆದುದರಿಂದ ಗಣ ಹೋದದ್ದು ತಪ್ಪಲ್ಲ. ಅರ್ಥಶಾಸ್ತ್ರದವರಂತೆ ಇಲ್ಲದ ಅಪರಾಧವನ್ನು ತಾನೇ ಹುಟ್ಟಿಸಿದ್ದರೆ ತಪ್ಪಾಗುತ್ತಿತ್ತು. ಆದರೂ ಯಾವ ಪಾಪವನ್ನೂ ಅರಿಯದೆ ಅವನನ್ನು ನಂಬಿದ ಹೆಂಗಸರು ಮಕ್ಕಳ ಬಾಕಿಯೊಂದು ಉಳಿದೇ ಉಳಿಯುತ್ತದೆ.

ಚಿತ್ರ ಇಲ್ಲಿ ಸುಲಭದ ದಾರಿ ಹಿಡಿಯಿತು. ರಣಗಲ್‌ನನ್ನು ಬಡವರ ಬಂಧುವಾಗಿಸಿ, ಗಣನ ಮನಸ್ಸು ತಿರುಗುವುದಕ್ಕೆ ನೆಪವೊದಗಿಸಿತು. ದುಷ್ಟನೇ ಆದವನು ನಮ್ಮನ್ನು ನಿಜವಾಗಿ ಪ್ರೀತಿಸಿದರೆ ಏನು ಮಾಡಬೇಕೆಂಬ ಕಷ್ಟದ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ. 2002ರಲ್ಲಿ ಹಾಂಗ್‌ಕಾಂಗಿನಲ್ಲಿ ತಯಾರಾದ ‘ಇನ್‌ಫರ್ನಲ್ ಅಫೇರ್ಸ್’ ಎಂಬ ಚಿತ್ರದಲ್ಲಿ ವೇಷಧಾರಿಯ ನಿಜವನ್ನು ಬಲ್ಲ ಮೇಲಧಿಕಾರಿ ಸತ್ತುಹೋಗುತ್ತಾನೆ. ಇವನು ಪೊಲೀಸನೆಂದು ಹೇಳಲು ಲೋಕದಲ್ಲಿ ಯಾರೂ ಉಳಿಯುವುದಿಲ್ಲ.

ಹುಡುಗನಿಗೆ ಇಷ್ಟನ್ನೆಲ್ಲ ಹೇಳಲಾಗಲಿಲ್ಲ. “ತಪ್ಪಲ್ಲಪ್ಪ, ಆದರೆ ಅವನಿಗೆ ರಾತ್ರಿ ನಿದ್ದೆ ಬರಬಾರದು” ಎಂದೆ. “ಕಳಿಸಿದವರಿಗೆ?” ಎಂದ.