ಉಳ್ಳವನು ಕದಿಯಲಾರನೇ?



ಚುನಾವಣೆ ಸಮೀಪಿಸಿದಾಗಲೆಲ್ಲ ಶ್ರೀಮಠದ ಕಚೇರಿಯಲ್ಲಿ ನಮ್ಮ ಕಿವಿಗೆ ಬೀಳುವ ಮಾತೊಂದುಂಟು. "ಅವರಿಗೇನ್ ಕಡಿಮಿ ಐತ್ರೀ? ಫ್ಯಾಕ್ಟರಿ ಐತಿ, ಗಾಡಿ ಅದಾವ, ಹೊಲಾ ಐತಿ. ಇನ್ನ ತಿಂದು ಏನ್ ಮಾಡ್ತಾರ?" ಎಂದು ಭಕ್ತರು ಹೇಳುತ್ತಾರೆ. ಅದರ ಬೆನ್ನಿಗೇ ಪೂಜ್ಯ ಶ್ರೀಗಳ ಭಾವಚಿತ್ರವನ್ನು ಕರಪತ್ರದಲ್ಲಿ ಹಾಕಿಕೊಳ್ಳಲು ಅಪ್ಪಣೆ ಬೇಡುತ್ತಾರೆ. ಇಂಥವರಲ್ಲಿ ರೈತರೂ ಇದ್ದಾರೆ, ಅಡತಿ ವ್ಯಾಪಾರಿಗಳೂ ಇದ್ದಾರೆ. ಮಾತು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಹೊಟ್ಟೆ ತುಂಬಿದವನು ಇನ್ನೊಬ್ಬರ ಕಣಜಕ್ಕೆ ಏಕೆ ಕೈಹಾಕುತ್ತಾನೆ? ಆದರೆ ಲೆಕ್ಕ ಬರೆಯುವುದೇ ಕೆಲಸವಾಗಿರುವ ನಮಗೆ ಈ ಲೆಕ್ಕ ಯಾಕೋ ತಾಳೆಯಾಗುವುದಿಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ನಮ್ಮಲ್ಲಿ ಕೇಳದವರಾರು? ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳಿ ಹಿಂದಕ್ಕೆ ಕಳಿಸಿದರು. ನಾಳೆಯ ಕಾಳು ಮನೆಯಲ್ಲಿಲ್ಲದ ಬಡವರವರು. 'ಸಾಕು' ಎಂಬ ಮಾತು ಆ ಗುಡಿಸಲಿನಿಂದ ಬಂತು, ಅರಮನೆಯಿಂದ ಬರಲಿಲ್ಲ. ಅಂದಮೇಲೆ ಸಾಕೆನ್ನುವ ಗುಣಕ್ಕೂ ಇರುವ ಗಂಟಿಗೂ ನಂಟಿಲ್ಲವೆಂದಾಯಿತು. ಪೇಟೆಯಲ್ಲಿ ಕೂತ ನಮ್ಮ ವ್ಯಾಪಾರಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಅಂಗಡಿ ಇದ್ದವನು ಎರಡನೆಯದನ್ನು ಬೇಡವೆಂದದ್ದನ್ನು ಎಷ್ಟು ಜನ ಕಂಡಿದ್ದೀರಿ?

ಹಾಗಾದರೆ ಉಳ್ಳವರು ರಾಜಕಾರಣಕ್ಕೆ ಬರಲೇಬಾರದೆ? ಹಾಗೆಂದು ನಾವು ಹೇಳುವುದಿಲ್ಲ. ಗದಗಿನಲ್ಲಿ 1976ರಲ್ಲಿ ಒಂದು ಲಾರಿಯಿಂದ ಉದ್ಯಮ ಆರಂಭಿಸಿದ ವಿಜಯ ಸಂಕೇಶ್ವರರನ್ನು ಜನ 1996, 1998, 1999ರಲ್ಲಿ ಮೂರು ಸಲ ಲೋಕಸಭೆಗೆ ಕಳಿಸಿದ್ದಾರೆ. ಆದರೆ ಈ ಪ್ರಶ್ನೆಯನ್ನು ತೂಗಿನೋಡಲು ಘಟ್ಟದಾಚೆಯ ಗೋವೆಯ ಒಂದು ಉದಾಹರಣೆ ನಮಗೆ ಹೆಚ್ಚು ಉಪಯುಕ್ತವೆನಿಸಿದೆ. ನಮ್ಮ ಕಾಯಿಪಲ್ಯ, ಹಾಲು ದಿನವೂ ಅಲ್ಲಿಗೇ ಹೋಗುತ್ತವೆ. ನಮ್ಮ ಎಷ್ಟೋ ಮಂದಿ ದುಡಿಯುವುದೂ ಅಲ್ಲಿಯೇ.

ಗೋವೆಯ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರರು 1911ರಲ್ಲಿ ಪೆಡಣೆಯಲ್ಲಿ ಜನಿಸಿದವರು. ಕಬ್ಬಿಣದ ಅದಿರಿನ ಗಣಿಗಳಿಂದ ಸಂಪತ್ತು ಗಳಿಸಿದರು, ದಾನಿಗಳೆಂದು ಹೆಸರಾದರು, ಜನ ಅವರನ್ನು 'ಭಾವೂಸಾಹೇಬ' ಎಂದು ಕರೆದರು. 1961ರ ಡಿಸೆಂಬರ್ 19ರಂದು ಪೋರ್ತುಗೀಜರ ಆಳ್ವಿಕೆ ಕೊನೆಗೊಂಡು, ಎರಡು ವರ್ಷಕ್ಕೆ ಮೊದಲ ಚುನಾವಣೆ ನಡೆಯಿತು. ಅವರ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ ಅಧಿಕಾರ ಹಿಡಿದು, 1963ರ ಡಿಸೆಂಬರ್ 20ರಂದು ಅವರು ಮುಖ್ಯಮಂತ್ರಿಯಾದರು.

ಮರುವರ್ಷವೇ ಗೇಣಿದಾರರ ಕಾಯದೆ ಬಂತು. ಭಾಟಕಾರರೆಂಬ ಭೂಮಾಲೀಕರು ಉಳುವವನನ್ನು ಮನಬಂದಂತೆ ಬಿಡಿಸಲಾಗದಂತೆ, ಗೇಣಿಗೂ ಒಂದು ಮಿತಿ ಇರುವಂತೆ ಆಯಿತು. ಹಳ್ಳಿಹಳ್ಳಿಗೆ ಪ್ರಾಥಮಿಕ ಶಾಲೆಗಳು ಬಂದವು. ರೈತ ಬಂಧುಗಳು ಇದನ್ನು ಮೆಚ್ಚಿಯೇ ಮೆಚ್ಚುತ್ತಾರೆ, ನಾವೂ ಮೆಚ್ಚುತ್ತೇವೆ. ಆದರೆ ಲೆಕ್ಕಿಗನ ದುಷ್ಟಬುದ್ಧಿ ಎನ್ನಿ, ಒಂದು ಪ್ರಶ್ನೆ ಏಳುತ್ತದೆ. ಬಾಂದೋಡಕರರ ಗಂಟು ಇದ್ದದ್ದು ಅದಿರಿನಲ್ಲಿ, ಗೇಣಿಯಲ್ಲಲ್ಲ. ಇನ್ನೊಬ್ಬರ ಗಂಟಿರುವ ಕಡೆ ನ್ಯಾಯ ಮಾಡುವುದು ಸುಲಭ. ತನ್ನ ಗಂಟಿರುವ ಕಡೆ ಮಾಡುವುದು ಕಷ್ಟ. ಪೋರ್ತುಗೀಜರು ಕೊಟ್ಟ ಗಣಿ ಹಕ್ಕುಗಳು 1987ರಲ್ಲಿ ಸಂಸತ್ತು ಕಾಯದೆ ಮಾಡುವವರೆಗೂ ನಡೆದೇ ಇದ್ದವು. ಗಣಿಯ ಕಾನೂನು ದೆಹಲಿಯ ಕೈಯಲ್ಲಿದ್ದುದರಿಂದ ಅದರ ಹೊಣೆಯನ್ನು ಅವರ ತಲೆಗೆ ಕಟ್ಟುವುದು ಸಲ್ಲದು. ಆದರೂ, ಉಳ್ಳವನನ್ನು ಒರೆಗೆ ಹಚ್ಚುವ ಕಲ್ಲು ಇರುವುದು ಅವನ ಸ್ವಂತ ಧಂದೆಯಲ್ಲಿಯೇ ಎಂಬುದನ್ನು ಮರೆಯಬಾರದು.

ಅವರನ್ನು ನಾವು ಗೌರವದಿಂದ ನೆನೆಯುವುದು ಬೇರೊಂದು ಕಾರಣಕ್ಕೆ. ಗೋವೆ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆಂಬುದು ಅವರ ಜೀವನದ ದೊಡ್ಡ ಆಸೆ. (ಅದೇ ತಿಂಗಳುಗಳಲ್ಲಿ ಮಹಾಜನ ಆಯೋಗ ನಮ್ಮ ಬೆಳಗಾವಿಯ ಪ್ರಶ್ನೆಯನ್ನು ನೋಡುತ್ತಿತ್ತು, ಗಡಿಯ ಬಿಸಿ ನಮಗೆ ಹೊಸದಲ್ಲ.) ಜನಮತ ಗಣನೆ ನಿಷ್ಪಕ್ಷಪಾತವಾಗಿ ನಡೆಯಬೇಕಾದರೆ ಅವರು ಕುರ್ಚಿಯಲ್ಲಿರಬಾರದೆಂದು ವಿರೋಧಿಗಳು ಪಟ್ಟು ಹಿಡಿದರು. 1966ರ ಡಿಸೆಂಬರಿನಲ್ಲಿ ಅವರು ರಾಜೀನಾಮೆ ಕೊಟ್ಟರು. 1967ರ ಜನವರಿ 16ರಂದು ಮತದಾನವಾಗಿ, ವಿಲೀನದ ವಿರುದ್ಧ 1,72,191, ಪರವಾಗಿ 1,38,170 ಮತಗಳು ಬಿದ್ದವು. ಅಂಕಿ ಅವರ ವಿರುದ್ಧ ಬಂತು. ಅವರು ಮತ್ತೆ ಜನರ ಮುಂದೆ ಹೋದರು. ಕೆಲವೇ ವಾರಗಳಲ್ಲಿ ನಡೆದ ಚುನಾವಣೆಯಲ್ಲಿ ಅದೇ ಜನ ಅವರನ್ನು ಮತ್ತೆ ಆರಿಸಿದರು. ತನ್ನ ಅಂಗಡಿಯ ಕೀಲಿಯನ್ನು ಲೆಕ್ಕ ತಪಾಸಣೆಗೆಂದು ಪರರ ಕೈಗೆ ಕೊಟ್ಟು ಹೊರಗೆ ನಿಲ್ಲುವ ಮಾಲೀಕನನ್ನು ನಾವು ಹೆಚ್ಚಾಗಿ ಕಂಡಿಲ್ಲ.

ಅಂಗಡಿಯ ಅಭ್ಯಾಸಗಳು ಅವರನ್ನೂ ಪೂರ್ತಿ ಬಿಡಲಿಲ್ಲವೇನೋ. 1970ರಲ್ಲಿ ಅವರದೇ ಪಕ್ಷದ ಕೆಲವು ಶಾಸಕರು ಬಂಡೆದ್ದರು. 1973ರ ಆಗಸ್ಟ್ 12ರಂದು ಅಧಿಕಾರದಲ್ಲಿದ್ದಾಗಲೇ ಅವರು ತೀರಿಕೊಂಡ ಮೇಲೆ ಗಾದಿ ಮಗಳು ಶಶಿಕಲಾ ಕಾಕೋಡಕರರಿಗೆ ಬಂತು. ಉಳುವವನಿಗೇ ಭೂಮಿಯೆಂಬ 1976ರ ತಿದ್ದುಪಡಿ ಬಂದದ್ದು ಆ ತಾಯಿಯ ಕಾಲದಲ್ಲಿಯೇ. ಆದ್ದರಿಂದ ಅಯೋಗ್ಯರಿಗೆ ಗಾದಿ ಹೋಯಿತೆಂದು ನಾವು ಹೇಳಲಾರೆವು. ಆದರೆ ಅಂಗಡಿ ಮಕ್ಕಳಿಗೆ ಹೋಗುವುದು ಧರ್ಮ. ರಾಜ್ಯಕ್ಕೆ ಆ ಧರ್ಮ ಹೊಂದುವುದಿಲ್ಲ.

2024ರಲ್ಲಿ ದಕ್ಷಿಣ ಗೋವೆಯ ಲೋಕಸಭಾ ಕ್ಷೇತ್ರದಿಂದ ಉದ್ಯಮಿ ಮನೆತನದ ಪಲ್ಲವಿ ಡೆಂಪೋ ನಿಂತಿದ್ದರು. ಅವರ ಕುಟುಂಬ ಘೋಷಿಸಿದ ಆಸ್ತಿ ಸಾವಿರ ಕೋಟಿ ರೂಪಾಯಿಗೂ ಮೀರಿತ್ತು. ಗೆದ್ದವರು ನೌಕಾಪಡೆಯಿಂದ ನಿವೃತ್ತರಾದ ವಿರಿಯಾತೊ ಫರ್ನಾಂಡಿಸ್. ಸೋಲಿಗೆ ಸಂಪತ್ತೇ ಕಾರಣವೆನ್ನಲು ಬಾರದು, ಕಾರಣಗಳು ಹಲವು. ಆದರೆ ಆಸ್ತಿಯ ಪಟ್ಟಿ ಎಲ್ಲರ ಕಣ್ಣ ಮುಂದೆ ಇತ್ತೆಂಬುದು ಮುಖ್ಯ.

ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಮೇಲೆಯೂ ದೂರು ಹೋಯಿತೆಂದು ನಮ್ಮ ಪುರಾಣಗಳು ಹೇಳುತ್ತವೆ. ಎಣಿಸಿದಾಗ ಹಣ ಕಡಿಮೆಯಾಗಿರಲಿಲ್ಲ. ಭಕ್ತರು ಇದನ್ನು ಪವಾಡವೆಂದು ಕೊಂಡಾಡುತ್ತಾರೆ. ನಾವು ನೋಡುವುದು ಇನ್ನೊಂದನ್ನು: ಅಣ್ಣನವರು 'ನಾನು ಯಾರೆಂದು ಗೊತ್ತಿಲ್ಲವೇ, ನನ್ನ ಮೇಲೆ ಸಂಶಯವೇ' ಎಂದು ಮುನಿಯಲಿಲ್ಲ, ಎಣಿಸಲು ಬಿಟ್ಟರು.

ಇಷ್ಟೆಲ್ಲ ಬರೆಯುವ ನಮ್ಮ ಕೈ ಶುದ್ಧವೇ ಎಂದು ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ ದಾಸೋಹ ಭವನದ ಕೆಲಸ ನಿಂತಾಗ ಒಬ್ಬ ಶ್ರೀಮಂತ ಭಕ್ತರು ಒಂದು ಲಾರಿ ಸಿಮೆಂಟು ಕಳಿಸಿದರು. ರಸೀದಿ ಬೇಡವೆಂದರು. ಅದನ್ನು ನಾವು ವಿನಯವೆಂದು ತಿಳಿದು, ಕಿರ್ದಿಯಲ್ಲಿ 'ಭಕ್ತರಿಂದ' ಎಂದಷ್ಟೇ ಜಮಾ ಬರೆದೆವು. ಆರು ತಿಂಗಳಿಗೆ ಅವರು ಚುನಾವಣೆಗೆ ನಿಂತು, ಶ್ರೀಮಠ ತಮ್ಮ ಬೆನ್ನಿಗಿದೆಯೆಂದು ಊರೂರಲ್ಲಿ ಹೇಳಿಕೊಂಡು ಬಂದರು. ನಮ್ಮ ಪುಸ್ತಕದಲ್ಲಿ ಅದು ದಾನ. ಅವರ ಪುಸ್ತಕದಲ್ಲಿ ಮುಂಗಡ. ನಾವು ಬಾಯಿ ಬಿಡಲಿಲ್ಲ. ಅರ್ಧ ಗೋಡೆ ಎದ್ದಿತ್ತು, ಇನ್ನರ್ಧಕ್ಕೆ ಸಿಮೆಂಟು ಬೇಕಾಗಿತ್ತು. ತಪ್ಪು ಆ ಭಕ್ತರದಷ್ಟೇ ನಮ್ಮದೂ ಹೌದು.

ಪೂಜ್ಯ ಶ್ರೀಗಳಿಗೆ ಇದನ್ನು ಅರಿಕೆ ಮಾಡಿಕೊಂಡಾಗ ಅವರು ಸಿಟ್ಟಾಗಲಿಲ್ಲ. ಹಳೆಯ ಪುಸ್ತಕ ತೆಗೆದು ಆ ಸಾಲಿನ ಪಕ್ಕದಲ್ಲಿ ಕೊಟ್ಟವರ ಹೆಸರು, ಚೀಲಗಳ ಸಂಖ್ಯೆ ಬರೆಯಲು ಹೇಳಿದರು. ಬರೆದಿದ್ದೇವೆ. ಪುಸ್ತಕ ಕಚೇರಿಯ ಮೇಜಿನ ಮೇಲಿದೆ. ಸೋಮವಾರ ಬಿಟ್ಟು ಯಾವ ದಿನವಾದರೂ ಬಂದು ನೋಡಬಹುದು.